ಬಾಡೊ

ನೈರೋಬಿಯ ಜುಲೈ ನಮ್ಮ ಆಷಾಢದ ದಾಯಾದಿ. ಅದೇ ಬೂದಿ ಮೆತ್ತಿದ ಆಕಾಶ, ಅದೇ ಒಣಗಲೊಲ್ಲದ ಬಟ್ಟೆ, ಕೀಲುಗಳಲ್ಲಿ ಅದೇ ಮುಲುಕು, ಮಳೆಯೊಂದು ಇಲ್ಲ. ಭೂಮಧ್ಯರೇಖೆಯ ಮಗ್ಗುಲಿನ ಊರಲ್ಲವೇ ಎಂದು ಹತ್ತಿ ಸೀರೆಗಳನ್ನೇ ತುಂಬಿಕೊಂಡು ಬಂದ ನಾನು ಮೊದಲ ಬೆಳಗ್ಗೆಯೇ ಅಳಿಯನ ಸ್ವೆಟರ್ ತೊಟ್ಟು ಗೇಟಿನ ಬಳಿ ನಿಂತಿದ್ದೆ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ ಈ ಊರು. ಮಡಿಕೇರಿಯ ಮೇಲೆ ಇನ್ನೊಂದು ಅರ್ಧ ಮಡಿಕೇರಿ ಇಟ್ಟ ಹಾಗೆ.

ಪಾರ್ಕ್‌ಲ್ಯಾಂಡ್ಸ್ ಎಂಬ ಬಡಾವಣೆ. ಓಣಿಯ ತಿರುವಿನಲ್ಲಿ ತಗಡಿನ ಮಾಡಿನ ಕೆಳಗೆ ಒಬ್ಬ ಹೆಂಗಸು ತರಕಾರಿ ಹರವಿಕೊಂಡು ಕೂತಿದ್ದಳು. ಇಂಥವರಿಗೆಲ್ಲ ಇಲ್ಲಿ ಒಂದೇ ಹೆಸರು: ಮಾಮಾ ಮ್ಬೋಗಾ, ತರಕಾರಿ ಅಮ್ಮ. ಎಡಗೈಯಲ್ಲಿ ಸುಕುಮಾ ವಿಕಿ ಎಂಬ ಸೊಪ್ಪಿನ ಎಲೆಗಳನ್ನು ಸುರುಳಿ ಸುತ್ತಿ ಹಿಡಿದು, ಬಲಗೈಯ ಚಾಕುವಿನಿಂದ ಕೂದಲೆಳೆಯಂತೆ ಹೆಚ್ಚುತ್ತಿದ್ದಳು, ಕಣ್ಣು ಮಾತ್ರ ರಸ್ತೆಯ ಮೇಲೆ. ಪತ್ರೊಡೆಗೆ ಕೆಸುವಿನೆಲೆ ಹೆಚ್ಚುತ್ತಲೇ ಬೀದಿಯ ಸುದ್ದಿಯೆಲ್ಲ ತಿಳಿದುಕೊಳ್ಳುತ್ತಿದ್ದ ನನ್ನ ಅತ್ತೆ ನೆನಪಾದರು. ಸುಕುಮಾ ವಿಕಿ ಎಂದರೆ ‘ವಾರ ದಬ್ಬು’ ಎಂದರ್ಥವಂತೆ. ಸಂಬಳ ಬರುವವರೆಗೆ ಬಡವರ ಮನೆಯ ದಿನಗಳನ್ನು ಮುಂದಕ್ಕೆ ದಬ್ಬುವ ಸೊಪ್ಪು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮಾಮಾ ನಾನಿ?’ ಎಂದಳು.

“ಯಾರ ಅಮ್ಮ ಅಂತ ಕೇಳ್ತಿದಾಳೆ ಚಿಕ್ಕಮ್ಮ,” ಎಂದಳು ಪುಟ್ಟಿ. ಪುಟ್ಟಿ ನನ್ನ ಅಕ್ಕನ ಮಗಳು; ಮೂವತ್ತೊಂದಾದರೂ ನಮಗೆ ಪುಟ್ಟಿಯೇ. ಇಲ್ಲಿ ಹೆಂಗಸಿನ ಸ್ವಂತ ಹೆಸರು ಮೊದಲ ಹೆರಿಗೆಯೊಂದಿಗೆ ಹಿಂದೆ ಸರಿಯುತ್ತದೆ, ಆಮೇಲೆ ಅವಳು ಮಗುವಿನ ಹೆಸರಿನ ಅಮ್ಮ. ನಮ್ಮೂರಲ್ಲೂ ಅಷ್ಟೇ ತಾನೆ! ನಾನು ನನ್ನ ಮಗನ ಹೆಸರು ಹೇಳಿದೆ. ಅವಳು ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ತನ್ನದಾಗಿಸಿಕೊಂಡು, ಈಗ ಪುಟ್ಟಿಯತ್ತ ಗದ್ದ ಎತ್ತಿದಳು. ಪುಟ್ಟಿ ಸೊಪ್ಪಿನ ದುಡ್ಡು ಎಣಿಸುತ್ತಲೇ ಒಂದೇ ಮಾತು ಹೇಳಿದಳು: “ಬಾಡೊ.”

ನನ್ನ ಕಿವಿಗೆ ಅದು ಕನ್ನಡವಾಗಿಯೇ ಬಿತ್ತು. ಎದೆ ಧಸಕ್ಕೆಂದಿತು. ಮನೆಗೆ ಬಂದವಳೇ, “ಬಾಡೋದು ಗೀಡೋದು ಅಂತ ಯಾಕೆ ಅಂದೆ ಕಣೇ?” ಎಂದು ಕೇಳಿದರೆ ಅವಳು ನಕ್ಕು ನಕ್ಕು, ನಗುವಾಗ ಎಡಗಡೆ ಕಿಬ್ಬೊಟ್ಟೆ ಹಿಡಿದುಕೊಂಡು, “ಅಯ್ಯೋ ಚಿಕ್ಕಮ್ಮ, ಬಾಡೊ ಅಂದ್ರೆ ‘ಇನ್ನೂ ಇಲ್ಲ’ ಅಂತ. ಮಕ್ಕಳಿದಾರಾ ಅಂತ ಸ್ವಾಹಿಲಿಯಲ್ಲಿ ಕೇಳಿದ್ರೆ ‘ಇಲ್ಲ’ ಅನ್ನೋದು ಚೆನ್ನಾಗಿರಲ್ಲ. ‘ಇನ್ನೂ ಇಲ್ಲ’ ಅನ್ನಬೇಕು,” ಎಂದಳು.

ಆ ಕಿಬ್ಬೊಟ್ಟೆಯ ಸಲುವಾಗಿಯೇ ನಾನು ಬಂದದ್ದು. ಅಕ್ಕನಿಗೆ ಮಂಡಿನೋವು, ವಿಮಾನ ಹತ್ತುವ ಸ್ಥಿತಿಯಿಲ್ಲ. ಆಪರೇಷನ್ ಆದಮೇಲೆ ಹತ್ತು ದಿನ ಗಂಜಿ ಬೇಯಿಸಿ ಹಾಕಲು ಮನೆಯ ಹೆಂಗಸೊಬ್ಬಳು ಬೇಕಿತ್ತು.

ಮೂರನೆಯ ದಿನ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತಿದ್ದೆವು. ನಾನು ಇಂಥ ಎಷ್ಟೋ ಪಡಸಾಲೆಗಳಲ್ಲಿ ಕಾದಿದ್ದೇನೆ, ಆದರೆ ಇಷ್ಟು ಬಗೆಯ ಹೆಂಗಸರು ಒಂದೇ ನೋವನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದನ್ನು ನೋಡಿರಲಿಲ್ಲ. ಕಾಲುಂಗುರದ ಗುಜರಾತಿ ಸೊಸೆ, ಪಕ್ಕದಲ್ಲಿ ಜಪಮಾಲೆಯ ಅತ್ತೆ. ತಲೆಯಿಂದ ಪಾದದವರೆಗೆ ಕಂದುಬಣ್ಣದ ಬಟ್ಟೆ ಹೊದ್ದ ಸೊಮಾಲಿ ತಾಯಿ-ಮಗಳು. ಈಸ್ಟ್‌ಲೀ ಕಡೆಯವರು ಎಂದಳು ಪುಟ್ಟಿ. ಎತ್ತರದ ಹಿಮ್ಮಡಿಯ ಬೂಟು ಹಾಕಿದ ಒಬ್ಬ ಹುಡುಗಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದಳು. ಲ್ಯಾಪ್‌ಟಾಪಿನ ಕೆಳಗೆ ಹೊಟ್ಟೆಗೆ ಒತ್ತಿಕೊಂಡಂತೆ ಬಿಸಿನೀರಿನ ರಬ್ಬರ್ ಚೀಲ. ಕಂಪ್ಯೂಟರನ್ನು ಅದರ ಕಾವಿನ ಸಲುವಾಗಿಯೇ ಇಟ್ಟುಕೊಂಡಿದ್ದಾಳೋ ಏನೋ ಎಂದೂ ಅನ್ನಿಸಿತು. ನರ್ಸಮ್ಮ ಎಲ್ಲರನ್ನೂ ಕರೆಯುತ್ತಿದ್ದುದು ‘ಮಾಮಾ’ ಎಂದೇ. ಅದು ಗೌರವದ ಮಾತು. ಆದರೆ ಪ್ರತಿ ಸಲ ಆ ಕರೆ ಬಿದ್ದಾಗ ಎರಡು ಮೂರು ಮುಖಗಳು ಒಂದು ಕ್ಷಣ ತಡವಾಗಿ ಏಳುತ್ತಿದ್ದವು.

ಆ ಬೂಟಿನ ಹುಡುಗಿಯ ಕೋಟಿನ ಮೇಲೆ ಹಳದಿ ರಿಬ್ಬನ್ ಇತ್ತು. ನನ್ನ ದೃಷ್ಟಿ ಅಲ್ಲಿ ನಿಂತದ್ದು ನೋಡಿ ಫೋನಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು. ಮೇರಿ ಎನ್‌ಜಾಂಬಿ ಕೊಯಿಕಾಯ್: ರೇಡಿಯೊ, ಟೀವಿಯ ಮಾತುಗಾತಿ, ರೆಗೇ ಸಂಗೀತದ ವೇದಿಕೆಗಳಲ್ಲಿ ಜನರನ್ನು ಕುಣಿಸಿದವಳು. ಗರ್ಭಕೋಶದ ಒಳಪದರದಂಥ ಅಂಗಾಂಶ ಎಲ್ಲೆಂದರಲ್ಲಿ ಬೆಳೆಯುವ ಈ ಎಂಡೊಮೆಟ್ರಿಯೋಸಿಸ್ ಅವಳಿಗೆ ಎದೆಗೂಡಿಗೇ ಏರಿತ್ತು. ಮುಟ್ಟಾದಾಗ ಶ್ವಾಸಕೋಶ ಕುಸಿಯುತ್ತಿತ್ತು. 2018ರಲ್ಲಿ ಜನ ಚಂದಾ ಎತ್ತಿ ಅಮೆರಿಕದ ಅಟ್ಲಾಂಟಾಕ್ಕೆ ಕಳಿಸಿದರು. ಇಲ್ಲಿ ಅದನ್ನು ಹರಾಂಬೀ ಎನ್ನುತ್ತಾರೆ, ಎಲ್ಲರೂ ಸೇರಿ ಎಳೆಯುವುದು. ಹಿಂದಿರುಗಿ ಬಂದು ಊರೂರಿಗೆ ಈ ರೋಗದ ಹೆಸರು ಕಲಿಸಿದಳು. 2024ರ ಜೂನ್ 3ರಂದು ನೈರೋಬಿಯಲ್ಲೇ ತೀರಿಕೊಂಡಳು, ಮೂವತ್ತೆಂಟರ ವಯಸ್ಸಿನಲ್ಲಿ. “ಅವಳು ಹೇಳೋವರೆಗೆ ನನ್ನ ಅಮ್ಮ ನಾನು ಶಾಲೆ ತಪ್ಪಿಸೋಕೆ ನಾಟಕ ಮಾಡ್ತೀನಿ ಅಂದ್ಕೊಂಡಿದ್ರು,” ಎಂದಳು ಹುಡುಗಿ.

ನಾನು ತಲೆ ತಗ್ಗಿಸಿದೆ. ಪುಟ್ಟಿ ಹದಿಮೂರರಲ್ಲಿ ದೊಡ್ಡವಳಾದ ವರ್ಷವೇ ತಿಂಗಳಿಗೆರಡು ದಿನ ನೆಲದ ಮೇಲೆ ಹುಳದಂತೆ ಮುರುಟಿ ಮಲಗುತ್ತಿದ್ದಳು. ಜೀರಿಗೆ ಕಷಾಯ ಕೊಟ್ಟೆವು. ಮೆಂತ್ಯದ ನೀರು ಕುಡಿಸಿದೆವು. ಹೊಟ್ಟೆಗೆ ಹರಳೆಣ್ಣೆ ಹಚ್ಚಿದೆವು. “ಹೆಣ್ಣು ಅಂದ್ಮೇಲೆ ಇದ್ದದ್ದೇ, ಒಂದು ಮಗು ಆದ್ರೆ ಸರಿಹೋಗುತ್ತೆ” ಎಂದೆವು. ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವಳು ನಾನೇ ಇರಬೇಕು. ಹೆರುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬಳಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಮಂದಿಗೆ ಈ ಕಾಯಿಲೆಯಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹತ್ತರಲ್ಲಿ ಒಬ್ಬಳು! ಅಂದರೆ ನಮ್ಮ ತಲೆಮಾರಿನ ಮದುವೆಮನೆಯ ಪಂಕ್ತಿಯಲ್ಲಿ ನಗುತ್ತ ಬಡಿಸಿದವರಲ್ಲಿ ಎಷ್ಟು ಮಂದಿ ಹಲ್ಲು ಕಚ್ಚಿಕೊಂಡಿದ್ದರೋ.

ಸ್ಕ್ಯಾನಿಂಗ್ ಕೋಣೆಯ ಕತ್ತಲಲ್ಲಿ ಪುಟ್ಟಿ ನನ್ನ ಕೈ ಹಿಡಿದುಕೊಂಡಿದ್ದಳು. ಪರದೆಯ ಮೇಲೆ ಕಂಡದ್ದು ಹುಣ್ಣೂ ಅಲ್ಲ, ಗೆಡ್ಡೆಯೂ ಅಲ್ಲ. ಬಚ್ಚಲಮನೆ ಕಿಟಕಿಗೆ ಹಾಕುವ ಮಸುಕು ಗಾಜಿನಂಥ ಒಂದು ದುಂಡು ಬೂದು ಆಕೃತಿ. ಎಡ ಅಂಡಾಶಯದಲ್ಲಿ ಆರು ಸೆಂಟಿಮೀಟರ್. ಬಲಗಡೆ ಇನ್ನೊಂದು, ಎರಡು ಸೆಂಟಿಮೀಟರಿನದು. ಎರಡೂ ಅಂಡಾಶಯಗಳು ತಮ್ಮ ಜಾಗ ಬಿಟ್ಟು ಗರ್ಭಕೋಶದ ಹಿಂದೆ ಬಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಇದಕ್ಕೆ ವೈದ್ಯರು ಮುತ್ತಿಡುವ ಅಂಡಾಶಯಗಳು ಎಂಬ ಹೆಸರಿಟ್ಟಿದ್ದಾರಂತೆ. ಇಟ್ಟ ಮಹಾಶಯನಿಗೆ ಆ ಮುತ್ತಿನ ನೋವು ಗೊತ್ತಿರಲಾರದು.

ಡಾಕ್ಟರಮ್ಮ ಐವತ್ತರ ಆಸುಪಾಸಿನ ಕೀನ್ಯಾದ ಹೆಂಗಸು. ಬೋಳಿಸಿದಷ್ಟು ಗಿಡ್ಡ ಕೂದಲು, ಸರಪಳಿಗೆ ಕಟ್ಟಿದ ಕನ್ನಡಕ. ನನ್ನ ಸೀರೆ ನೋಡಿ ಮೊದಲು ಕೇಳಿದ್ದು, “ಇಂಡಿಯಾಕ್ಕೆ ಕರಕೊಂಡು ಹೋಗುವ ಯೋಚನೆಯಿದೆಯೇ?” ಎಂದು. ಇಲ್ಲಿಯ ಉಳ್ಳವರು ಕಾಯಿಲೆಗೆ ಬೆಂಗಳೂರು, ಚೆನ್ನೈ, ಮುಂಬೈ ಎಂದು ವಿಮಾನ ಹತ್ತುವುದು ಅವರಿಗೆ ಹಳೆಯ ಸಂಗತಿ. “ಇಲ್ಲ, ಇಂಡಿಯಾನೇ ಇಲ್ಲಿಗೆ ಬಂದಿದೆ” ಎಂದಳು ಪುಟ್ಟಿ ನನ್ನನ್ನು ತೋರಿಸಿ. ಅವರು ಮನಸಾರೆ ನಕ್ಕರು. ಆಮೇಲೆ ಒಂದು ಬಿಳಿಹಾಳೆ ಎಳೆದುಕೊಂಡರು.

ಅವರು ಬರೆದದ್ದು ಎರಡು ದುಂಡು. ಒಂದು ದುಂಡಿನ ಅಂಚನ್ನು ಒಳಕ್ಕೆ ತಳ್ಳಿ ಮಡಚಿದರು, ಪೂರಿಯನ್ನು ಬೆರಳಲ್ಲಿ ಒತ್ತಿದಂತೆ. ಅಂಡಾಶಯದ ಹೊರಪದರದಲ್ಲೇ ಅಂಡಗಳೆಲ್ಲ ಮನೆ ಮಾಡಿಕೊಂಡಿರುವುದು. ಹೆಣ್ಣುಮಗು ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಆಮೇಲೆ ಖರ್ಚೇ ಹೊರತು ಜಮೆಯಿಲ್ಲ. ಈ ರೋಗದ ಗಂಟು ಹೊರಗಿನಿಂದ ಬಂದು ಕೂತ ಚೀಲವಲ್ಲ. 1957ರಲ್ಲಿ ಹ್ಯೂಸ್‌ಡನ್ ಎಂಬ ರೋಗಶಾಸ್ತ್ರಜ್ಞ ತೋರಿಸಿಕೊಟ್ಟದ್ದು ಇದನ್ನೇ: ಅಂಡಾಶಯದ ಆ ಹೊರಪದರವೇ ಒಳಕ್ಕೆ ಮಡಚಿಕೊಂಡು ಗಂಟಿನ ಗೋಡೆಯಾಗುತ್ತದೆ. ತಿಂಗಳು ತಿಂಗಳು ಅಲ್ಲಿ ರಕ್ತ ಒಸರುತ್ತದೆ, ಹೋಗಲು ದಾರಿಯಿಲ್ಲದೆ ನಿಂತು ಹಳತಾಗಿ ಕಂದಾಗಿ ಗಟ್ಟಿಯಾಗುತ್ತದೆ. ಅಮೆರಿಕದ ಆಲ್ಬನಿಯ ವೈದ್ಯ ಜಾನ್ ಸ್ಯಾಂಪ್ಸನ್ 1921ರಲ್ಲಿ ಇದನ್ನು ವಿವರಿಸುವಾಗ ಚಾಕೊಲೇಟ್ ಎಂದು ಕರೆದ. ಇವತ್ತಿಗೂ ಇದು ಚಾಕೊಲೇಟ್ ಸಿಸ್ಟ್.

“ತೆಗೆದುಬಿಡಿ,” ಎಂದೆ ನಾನು. ಹಾಳಾದದ್ದನ್ನು ಒಳಗಿಟ್ಟುಕೊಳ್ಳುವುದು ಯಾಕೆ?

ಅವರು ಪೆನ್ನು ಕೆಳಗಿಟ್ಟರು. “ಗಂಟು ಎಲ್ಲಿ ಮುಗಿಯಿತು, ಅಂಡಾಶಯ ಎಲ್ಲಿ ಶುರುವಾಯಿತು ಅನ್ನೋದಕ್ಕೆ ಅಲ್ಲಿ ಬೇಲಿ ಇಲ್ಲಮ್ಮ. ಸುಲಿಯುವಾಗ ಒಳ್ಳೆಯದೂ ಸ್ವಲ್ಪ ಅಂಟಿಕೊಂಡೇ ಬರುತ್ತೆ.”

ಹಿಟ್ಟು ಹದವಿಲ್ಲದ ದಿನ ಕಾವಲಿಗೆ ಕಚ್ಚಿದ ದೋಸೆ ನನ್ನ ಕಣ್ಣ ಮುಂದೆ ಬಂತು. ಸಟ್ಟುಗ ಹಾಕಿ ಎಬ್ಬಿಸಿದರೆ ಅರ್ಧ ದೋಸೆ ಕೈಗೆ, ಅರ್ಧ ಕಾವಲಿಗೆ. ಇಲ್ಲಿ ಕಾವಲಿಯೇ ದೋಸೆಯ ಜೊತೆ ಎದ್ದು ಬರುತ್ತದೆ ಎನ್ನುತ್ತಿದ್ದಾರೆ ಇವರು.

ಆ ಅರ್ಧ ಗಂಟೆಯಲ್ಲಿ ನಾನು ಕಲಿತದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ. ಗಂಟನ್ನು ಸೂಜಿ ಹಾಕಿ ಬಸಿದುಬಿಟ್ಟರೆ ತಿಂಗಳುಗಳಲ್ಲೇ ಮತ್ತೆ ತುಂಬಿಕೊಳ್ಳುತ್ತದೆ. ಬಸಿದು ಒಳಗೋಡೆಯನ್ನು ಸುಡುವುದು ಒಂದು ದಾರಿ, ಗೋಡೆಯನ್ನೇ ಸುಲಿದು ತೆಗೆಯುವುದು ಇನ್ನೊಂದು. 1998ರಲ್ಲಿ ಇಟಲಿಯ ವೈದ್ಯರು 64 ಹೆಂಗಸರಲ್ಲಿ ಈ ಎರಡನ್ನೂ ಹೋಲಿಸಿ ನೋಡಿದರು. ಮಕ್ಕಳಿಗಾಗಿ ಕಾಯುತ್ತಿದ್ದವರ ಪೈಕಿ ಎರಡು ವರ್ಷದೊಳಗೆ ಬಸುರಾದವರು ಸುಲಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 67, ಸುಡಿಸಿಕೊಂಡವರಲ್ಲಿ ಸುಮಾರು 24. ನೋವು ಮರುಕಳಿಸಿದ್ದೂ ಸುಲಿಸಿಕೊಂಡವರಲ್ಲೇ ಕಡಿಮೆ. ಚಿಕ್ಕ ಅಧ್ಯಯನವೇ ಇರಬಹುದು, ಆದರೆ ಆಮೇಲೆ ಬಂದವೂ ಅದೇ ದಿಕ್ಕಿಗೆ ಬೆರಳು ತೋರಿಸಿದವು. ಸರಿ, ಹಾಗಾದರೆ ಸುಲಿಯುವುದೇ ಮೇಲು ಎಂದು ಎಲ್ಲ ಕಡೆ ಸುಲಿಯತೊಡಗಿದರು. ಲೆಕ್ಕದ ಇನ್ನೊಂದು ಮಗ್ಗುಲು ನಿಧಾನವಾಗಿ ಬೆಳಕಿಗೆ ಬಂತು. ಅಂಡಗಳ ಉಳಿಕೆಯನ್ನು ಅಂದಾಜು ಮಾಡುವ ಎ.ಎಂ.ಎಚ್. ಎಂಬ ರಕ್ತಪರೀಕ್ಷೆಯಿದೆ. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಲಿದಮೇಲೆ ಆ ಅಂಕಿ ಸರಾಸರಿ ನೂರಕ್ಕೆ 38ರಷ್ಟು ಇಳಿದಿತ್ತು. ಎರಡೂ ಕಡೆ ಸುಲಿಸಿಕೊಂಡ 126 ಹೆಂಗಸರಲ್ಲಿ ಮೂವರ ಅಂಡಾಶಯಗಳು ಆಪರೇಷನ್ ಆದಮೇಲೆ ಮತ್ತೆ ಕಣ್ಣೇ ತೆರೆಯಲಿಲ್ಲ ಎಂಬ ವರದಿಯೂ ಇಟಲಿಯಿಂದಲೇ 2006ರಲ್ಲಿ ಬಂತು.

ಹಾಗಂತ ಗಂಟನ್ನು ಮುಟ್ಟದೆ ಬಿಟ್ಟರೆ ಅದೇನು ಸುಮ್ಮನೆ ಕೂರುವುದಿಲ್ಲ. ಸುತ್ತಲಿನ ಅಂಡಗಳನ್ನು ಸವೆಸುತ್ತದೆ, ಅಂಟು ಹಬ್ಬಿಸಿ ನಾಳಗಳನ್ನು ತಿರುಚುತ್ತದೆ. ಇದ್ದರೂ ಕುತ್ತು, ತೆಗೆದರೂ ಕುತ್ತು.

ನೇರವಾಗಿ ಐವಿಎಫ್‌ಗೆ ಹೋಗುವವರಿಗೆ ಗಂಟು ತೆಗೆಸಿದ ಮಾತ್ರಕ್ಕೆ ಮಗು ಆಗುವ ಸಾಧ್ಯತೆ ಹೆಚ್ಚುವುದಿಲ್ಲ, ಆದ್ದರಿಂದ ಬರೀ ಅದಕ್ಕಾಗಿ ಕತ್ತರಿ ಹಾಕಬೇಡಿ ಎಂದು ಯುರೋಪಿನ ಸಂತಾನ ವೈದ್ಯರ ಸಂಘ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ನೈರೋಬಿಯಲ್ಲಿ ಐವಿಎಫ್ ಹೊಸದೇನಲ್ಲ. ಕೀನ್ಯಾದ ಮೊದಲ ಪ್ರನಾಳ ಶಿಶುಗಳು ಹುಟ್ಟಿದ್ದು 2006ರಲ್ಲಿ, ಡಾ. ಜೋಶುವಾ ನೋರೆ ಅವರ ಕೇಂದ್ರದಲ್ಲಿ. ಆದರೆ ಒಂದೊಂದು ಸುತ್ತಿಗೂ ಲಕ್ಷಗಟ್ಟಲೆ ಶಿಲಿಂಗ್ ಎಣಿಸಬೇಕು. ಪುಟ್ಟಿಗೆ ಬರೀ ಮಗುವಿನ ಪ್ರಶ್ನೆಯಲ್ಲ. ತಿಂಗಳಿಗೆ ಆರು ದಿನ ಎದ್ದು ನಿಲ್ಲಲಾರಳು. ಗಂಡನ ಪಕ್ಕ ಮಲಗುವುದಕ್ಕೇ ಹೆದರುತ್ತಾಳೆ; ಇದನ್ನು ನನಗೆ ಹೇಳುವಾಗ ಗೋಡೆ ನೋಡುತ್ತಿದ್ದಳು. ಎ.ಎಂ.ಎಚ್. 1.6.

“ನಿನಗೆ ಯಾವುದು ಮೊದಲು ಬೇಕು?” ಎಂದು ಡಾಕ್ಟರಮ್ಮ ಅವಳನ್ನೇ ಕೇಳಿದರು. ನನ್ನ ಕಡೆಯಾಗಲಿ ಅಳಿಯನ ಕಡೆಯಾಗಲಿ ತಿರುಗಿಯೂ ನೋಡಲಿಲ್ಲ. ಹದಿನೆಂಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

“ನೋವು ಹೋಗಲಿ. ಆಮೇಲೆ ಮಗು. ಬಲಗಡೆದನ್ನು ಮುಟ್ಟಬೇಡಿ,” ಎಂದಳು ಪುಟ್ಟಿ. ಅಷ್ಟು ಖಚಿತವಾಗಿ ಅವಳು ಸೀರೆ ಆರಿಸಿದ್ದನ್ನೂ ನಾನು ಕಂಡಿಲ್ಲ.

ಆಪರೇಷನ್ ದಿನ ಬೆಳಗಿನ ಜಾವ ಟ್ಯಾಕ್ಸಿ. ಮಟಾಟು ಎಂಬ ಬಣ್ಣದ ವ್ಯಾನುಗಳು ಆಗಲೇ ಹಾಡು ಹಾಕಿಕೊಂಡು ಒಂದನ್ನೊಂದು ತಳ್ಳಾಡುತ್ತಿದ್ದವು. ಎಲ್ಲೋ ರಸ್ತೆ ಅಗೆದಿದ್ದರಿಂದ ಚಾಲಕ ವೆಸ್ಟ್‌ಲ್ಯಾಂಡ್ಸ್ ಸುತ್ತಿ ಹೋದ. ವೈಯಾಕಿ ವೇ ಎಂಬ ಹೆದ್ದಾರಿಯ ಬದಿಯಲ್ಲಿ ಒಂದು ದೈತ್ಯ ಮರ; ನಾಲ್ಕು ಮಹಡಿ ಎತ್ತರ. ಚಾಲಕ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ “ಮುಗುಮೊ” ಎಂದ. ಅತ್ತಿ, ಆಲ, ಅರಳಿಗಳ ಕುಲದ್ದೇ. ಕಿಕುಯು ಜನರಿಗೆ ದೇವರ ಮರ, ಕಡಿಯುವಂತಿಲ್ಲ. 2020ರಲ್ಲಿ ಮೇಲುರಸ್ತೆ ಕಟ್ಟುವಾಗ ಇದನ್ನು ಕಿತ್ತು ಬೇರೆಡೆ ನೆಡುವ ಯೋಜನೆಯಿತ್ತಂತೆ. ಜನ ಗಲಾಟೆ ಮಾಡಿದರು. ಕೊನೆಗೆ ರಾಷ್ಟ್ರಪತಿಯ ಆಜ್ಞೆಯೇ ಹೊರಟು ಮರ ಇದ್ದಲ್ಲೇ ಉಳಿಯಿತು.

ಅದೇ ಹೊತ್ತಿಗೆ ಅಕ್ಕನ ಫೋನು. ಊರಲ್ಲಿ ಅವಳು ಆ ಮಂಡಿಯಲ್ಲೇ ಅಶ್ವತ್ಥಕಟ್ಟೆ ಸುತ್ತುತ್ತಿದ್ದಳು. ಮಗಳಿಗೆ ಮಗುವಾಗಲೆಂದು ಕುಕ್ಕೆಗೂ ಹರಕೆ ಹೇಳಿದ್ದಾಳೆ. “ಎಷ್ಟನೇ ಸುತ್ತು?” ಎಂದೆ. “ಮಾತಾಡಿಸ್ಬೇಡ, ಲೆಕ್ಕ ತಪ್ಪುತ್ತೆ,” ಎಂದು ಅವಳೇ ಮಾಡಿದ ಫೋನನ್ನು ಅವಳೇ ಇಟ್ಟಳು. ನಾನು ಕಾರಿನ ಕಿಟಕಿಯಿಂದ ಆ ಮುಗುಮೊ ಮರಕ್ಕೆ ಕೈಮುಗಿದೆ. ಚಾಲಕ ಕನ್ನಡಿಯಲ್ಲಿ ನೋಡಿದ, ಏನೂ ಅನ್ನಲಿಲ್ಲ.

ಥಿಯೇಟರಿನ ಬಾಗಿಲು ಮುಚ್ಚಿ ಎರಡೂಮುಕ್ಕಾಲು ಗಂಟೆ. ಒಳಗೆ ನಡೆದದ್ದನ್ನು ನಾನು ನೋಡಿದ್ದು ಮರುದಿನ, ಡಾಕ್ಟರಮ್ಮನ ಕಂಪ್ಯೂಟರಿನಲ್ಲಿ. ಹೊಕ್ಕುಳಲ್ಲಿ ಒಂದು ತೂತು, ಕೆಳಗೆ ಇನ್ನೆರಡು ಮೂರು. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಡೇರೆಯಂತೆ ಎತ್ತಿದ್ದಾರೆ. ಹಳದಿ ಕೊಬ್ಬು, ಗುಲಾಬಿ ಕರುಳು, ನಡುವೆ ಗರ್ಭಕೋಶ. ಮನುಷ್ಯರ ಒಳಗು ಇಷ್ಟು ಬಣ್ಣಬಣ್ಣವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಲ್ಲಿ ಬಂದೂಕಿನ ಮದ್ದು ಸಿಡಿದಂತೆ ಕಪ್ಪು ಚುಕ್ಕೆಗಳು, ಜೇಡನ ಬಲೆಯಂಥ ಅಂಟು. ಹಿಂದುಗಡೆಯಿಂದ ಎಡ ಅಂಡಾಶಯವನ್ನು ಬಿಡಿಸಿ ಎತ್ತುತ್ತಿದ್ದಂತೆ ಅದು ಒಡೆಯಿತು. ದಪ್ಪನೆಯ ಕಂದು ರಸ ಬಳಬಳ ಸುರಿಯಿತು. ಸ್ಯಾಂಪ್ಸನ್ ಸಾಹೇಬ ಮಲೆನಾಡಿನಲ್ಲಿ ಹುಟ್ಟಿದ್ದರೆ ಚಾಕೊಲೇಟ್ ಅನ್ನುತ್ತಿರಲಿಲ್ಲ. ಅದು ಆಲೆಮನೆಯ ಜೋನಿಬೆಲ್ಲ, ಬಣ್ಣ, ಮಂದ ಎಲ್ಲ ಅದೇ.

ಆಮೇಲಿನದೇ ಕಸುಬು. ಎರಡು ಚಿಮುಟಗಳು ಗಂಟಿನ ಬಾಯಂಚನ್ನು ಕಚ್ಚಿ ಒಂದು ಇತ್ತ, ಒಂದು ಅತ್ತ ಜಗ್ಗುತ್ತವೆ. ನಡುವೆ ಬಿಳಿ ನೂಲಿನಂಥ ಗೆರೆ ಕಾಣಬೇಕು, ಅದೇ ದಾರಿ. ಮೊದಲು ಹಣ್ಣಾದ ಬಾಳೆಯ ಸಿಪ್ಪೆಯಂತೆ ಬಂತು. ಅಂಡಾಶಯದ ಬುಡದ ಕಡೆ, ರಕ್ತನಾಳಗಳು ಒಳಹೊಗುವಲ್ಲಿ, ಕಚ್ಚಿಕೊಂಡಿತು. ಸಣ್ಣಗೆ ಕೆಂಪು ಚಿಮ್ಮತೊಡಗಿತು. ಇಲ್ಲಿ ಅವರು ವಿಡಿಯೊ ನಿಲ್ಲಿಸಿದರು.

“ಇಲ್ಲಿ ಜಗ್ಗಿದರೆ ಗಂಟು ಪೂರ್ತಿ ಬರುತ್ತೆ. ವರದಿಯಲ್ಲಿ ಪೂರ್ತಿ ತೆಗೆದೆ ಅಂತ ಬರೀಬಹುದು,” ಎಂದರು. “ನಾನು ಜಗ್ಗಲಿಲ್ಲ.”

ಬುಡದ ಒಂದು ಬೆರಳಗಲದ ತುಂಡನ್ನು ಅಲ್ಲೇ ಬಿಟ್ಟು ಮೇಲುಮೇಲಕ್ಕೆ ಮಾತ್ರ ಶಾಖ ತಾಗಿಸಿದ್ದರು. ರಕ್ತ ನಿಲ್ಲಿಸಲು ಉಳಿದ ಜಾಗವನ್ನು ಸುಡಲಿಲ್ಲ, ದಾರದಲ್ಲಿ ಹೊಲಿದರು. ಕರೆಂಟಿನ ಚಿಮುಟದಲ್ಲಿ ಸುಟ್ಟರೆ ಒಂದೇ ಕ್ಷಣದಲ್ಲಿ ರಕ್ತ ನಿಲ್ಲುತ್ತದೆ, ಅಕ್ಕಪಕ್ಕದ ಅಂಡಗಳೂ ಬೇಯುತ್ತವೆ. ಹೊಲಿಯಲು ಇಪ್ಪತ್ತು ನಿಮಿಷ ಹೆಚ್ಚು ಬೇಕು, ಕೈ ಪಳಗಿರಬೇಕು. ಉದ್ದನೆಯ ಕಡ್ಡಿಗಳ ತುದಿಯಲ್ಲಿ ಹಿಡಿದ ಸೂಜಿ, ಪರದೆಯಲ್ಲಿ ನೋಡುತ್ತ ಹಾಕುವ ಹೊಲಿಗೆ. ಬಿಟ್ಟ ತುಂಡಿನಿಂದ ಗಂಟು ಮತ್ತೆ ಹುಟ್ಟಬಹುದು ಎನ್ನುವುದನ್ನೂ ಅವರು ಮುಚ್ಚಿಡಲಿಲ್ಲ. ಗಂಟು ಮರುಕಳಿಸದಿರಲಿ ಎಂದು ಮುಟ್ಟು ತಡೆಯುವ ಹಾರ್ಮೋನು ಮಾತ್ರೆ ಕೊಡುವುದುಂಟು, ಆದರೆ ಬಸುರಾಗಬೇಕೆನ್ನುವವಳಿಗೆ ಅದನ್ನು ಕೊಡುವಂತಿಲ್ಲ.

ವಾರ್ಡಿನಲ್ಲಿ ಪಕ್ಕದ ಮಂಚದ ಹೆಂಗಸು ಮಚಾಕೋಸ್ ಕಡೆಯವಳು, ಕಂಬಾ ಜನ. ಮೂವತ್ತಾರು ವಯಸ್ಸು. ನೈರೋಬಿಯ ಆ ಚಳಿಯಲ್ಲೂ ರಾತ್ರಿಯಿಡೀ ಕಂಬಳಿ ಒದೆಯುತ್ತಿದ್ದಳು, ಹಣೆಯಲ್ಲಿ ಬೆವರು. ಮೊದಲು ಜ್ವರವೆಂದುಕೊಂಡೆ. ಬೇರೆಲ್ಲೋ ಎರಡು ಸಲ ಎರಡೂ ಕಡೆಯ ಗಂಟು ತೆಗೆಸಿಕೊಂಡಿದ್ದಳು. ಎರಡನೆಯದಾದ ಮೇಲೆ ಮುಟ್ಟು ಬರಲೇ ಇಲ್ಲ. ತೆಗೆಯುವ ಮುನ್ನ ಹೀಗಾಗಬಹುದು ಎಂದು ಒಂದು ಮಾತು ಹೇಳಿದ್ದರೆ ಒಂದಷ್ಟು ಅಂಡಗಳನ್ನು ಹೆಪ್ಪುಗಟ್ಟಿಸಿ ಇಡಿಸುತ್ತಿದ್ದೆ ಎಂದಳು. ಈಗ ಬೇರೆಯವರ ಅಂಡದಿಂದ ಮಗು ಪಡೆಯುವ ಮಾತು ನಡೆದಿದೆ. ಅವಳ ಅಜ್ಜಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲವಂತೆ. ಅವರ ಕುಲದಲ್ಲಿ ಹಿಂದೆ ಇವೆಟೊ ಎಂಬ ಪದ್ಧತಿಯಿತ್ತು: ಮಕ್ಕಳಿಲ್ಲದ ಹೆಂಗಸು ತೆರ ಕೊಟ್ಟು ಇನ್ನೊಬ್ಬ ಹುಡುಗಿಯನ್ನು ‘ಮದುವೆ’ಯಾಗಿ ತರುವುದು, ಅವಳು ಹೆತ್ತ ಮಕ್ಕಳೆಲ್ಲ ಇವಳ ಮಕ್ಕಳೇ. “ಅಜ್ಜಿ ಹೇಳ್ತಾಳೆ, ನಿಮ್ಮ ಡಾಕ್ಟರು ಈಗ ಕಂಡುಹಿಡಿದಿದ್ದನ್ನ ನಾವು ಹಸು ಕೊಟ್ಟು ಮಾಡ್ತಿದ್ವಿ ಅಂತ,” ಎಂದು ನಕ್ಕಳು. ನಮ್ಮ ಭಾಷೆಯಲ್ಲಿ ಬಂಜೆ ಎಂಬ ಪದವೊಂದು ಇದೆಯಲ್ಲ, ಹೆಂಗಸಿನ ಹಣೆಗೆ ಬರೆ ಎಳೆದು ಮುಂದಿನ ದಾರಿಗಳನ್ನೆಲ್ಲ ಮುಚ್ಚಿಬಿಡುವುದು, ಅದನ್ನು ನಾನು ಅಲ್ಲಿ ಕೂತು ನೆನೆದೆ.

ಈ ಕಾಯಿಲೆ ಆಫ್ರಿಕಾದ ಹೆಂಗಸರಿಗೆ ಬರುವುದೇ ಇಲ್ಲ ಎಂದು ಬಹುಕಾಲ ನಂಬಿದ್ದರಂತೆ. ಓದಿದ, ತಡವಾಗಿ ಮದುವೆಯಾದ, ಸ್ಥಿತಿವಂತ ಬಿಳಿ ಹೆಂಗಸರ ಕಾಯಿಲೆ. ಬಾಸ್ಟನ್ನಿನ ಜೋ ಮೀಗ್ಸ್ ಎಂಬ ದೊಡ್ಡ ವೈದ್ಯ ಬೇಗ ಮದುವೆ ಮಾಡಿ, ಬೇಗ ಹೆರಲಿ ಎಂದೇ ಸಾರಿದ್ದ. ನಮ್ಮ ಅಜ್ಜಿಯರೂ ಅದನ್ನೇ ಹೇಳುತ್ತಿದ್ದರು, ಪಾಪ ಅವರಿಗೆ ಡಿಗ್ರಿ ಇರಲಿಲ್ಲ. ಕಪ್ಪು ಹೆಂಗಸು ಹೊಟ್ಟೆ ಹಿಡಿದುಕೊಂಡು ಬಂದರೆ ಲೈಂಗಿಕ ಸೋಂಕು ಎಂದು ಚೀಟಿ ಬರೆದು ಕಳಿಸುತ್ತಿದ್ದರು. 1976ರಲ್ಲಿ ಶಿಕಾಗೋದ ಡೊನಾಲ್ಡ್ ಚಾಟ್‌ಮನ್ ಎಂಬ ವೈದ್ಯ ಲ್ಯಾಪರೊಸ್ಕೋಪ್ ಹಾಕಿ ನೋಡಿ, ಹಾಗೆ ಸೋಂಕಿನ ಚೀಟಿ ಹೊತ್ತ ಎಷ್ಟೋ ಕಪ್ಪು ಹೆಂಗಸರ ಒಳಗಿರುವುದು ಎಂಡೊಮೆಟ್ರಿಯೋಸಿಸ್ ಎಂದು ಬರೆದ. ಮಂಚದ ಮೇಲಿನ ಈ ಹೆಂಗಸಿಗೂ ಹತ್ತೊಂಬತ್ತರಲ್ಲಿ ಸಿಕ್ಕಿದ್ದು ಅದೇ ಚೀಟಿ. ಅವಳ ಅಪ್ಪ ಆರು ತಿಂಗಳು ಅವಳೊಂದಿಗೆ ಮಾತಾಡಿರಲಿಲ್ಲ.

ಎರಡನೆಯ ದಿನ ಮನೆಗೆ ಬಂದೆವು. ಭುಜದಲ್ಲಿ ನೋವು ಎಂದು ಪುಟ್ಟಿ ಕೊರಗಿದಳು. ಹೊಟ್ಟೆಗೆ ತುಂಬಿದ ಗಾಳಿಯ ಉಳಿಕೆ ಅದು, ಒಂದೆರಡು ದಿನದಲ್ಲಿ ಹೋಯಿತು. ಡೈಮಂಡ್ ಪ್ಲಾಜಾದಿಂದ ಅಳಿಯ ಕರಿಬೇವು, ಕುಚ್ಚಲಕ್ಕಿ ಹುಡುಕಿ ತಂದ. ಗಂಜಿ, ಮಾವಿನ ಮಿಡಿ, ತುಪ್ಪ. ತೆಗೆದ ಪದರದ ವರದಿ ಬಂತು, ಕ್ಯಾನ್ಸರಿನ ಸುಳಿವಿಲ್ಲ. ಅದರ ಕೊನೆಯಲ್ಲಿ ಒಂದು ಸಾಲು: ಜೊತೆಗೆ ಬಂದ ಅಂಡಾಶಯದ ಅಂಗಾಂಶ ಅತ್ಯಲ್ಪ. ಪುಟ್ಟಿ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಎ.ಎಂ.ಎಚ್. ಮತ್ತೆ ನೋಡುವುದು ಮೂರು ತಿಂಗಳಾದಮೇಲೆ. ಅದಕ್ಕೆ ಮುಂಚೆ ನೋಡಿ ಎದೆ ಒಡೆದುಕೊಳ್ಳಬೇಡಿ ಎಂದಿದ್ದಾರೆ. ಆಪರೇಷನ್ ಆದ ಹೊಸತರಲ್ಲಿ ಕುಸಿದದ್ದು ಕೆಲವರಲ್ಲಿ ಸ್ವಲ್ಪ ಚೇತರಿಸಿಕೊಳ್ಳುತ್ತದಂತೆ. ಆರು ತಿಂಗಳಿಂದ ಒಂದು ವರ್ಷ ತಾವಾಗಿಯೇ ಪ್ರಯತ್ನ, ಆಗದಿದ್ದರೆ ಐವಿಎಫ್. ಹುಡುಗರು ಈಗಲೇ ಶಿಲಿಂಗ್ ಕೂಡಿಡಲು ಶುರುಮಾಡಿದ್ದಾರೆ. ನಾನೂ ಬಳೆಯೊಂದನ್ನು ಬಿಚ್ಚಿಟ್ಟು ಬಂದಿದ್ದೇನೆ, ಅಕ್ಕನಿಗೆ ಹೇಳಿಲ್ಲ.

ಹೊರಡುವ ಹಿಂದಿನ ಸಂಜೆ ಮೊದಲ ಸಲ ಸೂರ್ಯ ಕಂಡ. ಪುಟ್ಟಿ ಮೆಲ್ಲಗೆ ಗೇಟಿನವರೆಗೆ, ಅಲ್ಲಿಂದ ತಿರುವಿನವರೆಗೆ ನಡೆದಳು. ಮಾಮಾ ಮ್ಬೋಗಾ ನನ್ನನ್ನು ಮಗನ ಹೆಸರು ಹಿಡಿದು ಕರೆದಳು. ಹದಿನೈದು ದಿನದ ಹಿಂದೆ ಎರಡು ಸಲ ಹೊರಳಿಸಿಕೊಂಡ ಹೆಸರು, ಒಂದಕ್ಷರ ಕೆಟ್ಟಿರಲಿಲ್ಲ. ಪುಟ್ಟಿಯ ಸಣ್ಣಗಾದ ಮುಖ ನೋಡಿ, “ಪೋಲೆ, ಪೋಲೆ” ಎಂದಳು. ಅಯ್ಯೋ ಪಾಪ, ನಿಧಾನ, ಹುಷಾರು ಮೂರೂ ಸೇರಿದ ಮಾತು ಅದು. ಆಮೇಲೆ ಏನೋ ಕೇಳಿದಳು.

“ಗುಣ ಆಯ್ತಾ ಅಂತ,” ಎಂದು ಪುಟ್ಟಿ ನನಗೆ ಹೇಳಿ, ಅವಳತ್ತ ತಿರುಗಿ, “ಬಾಡೊ ಕಿಡೊಗೊ” ಎಂದಳು. ಇನ್ನೂ ಸ್ವಲ್ಪ ಬಾಕಿ.

ಅವಳು ತಲೆಯಾಡಿಸಿ, ಹೆಚ್ಚಿಟ್ಟ ಸೊಪ್ಪನ್ನು ಎರಡು ಬೊಗಸೆ ತುಂಬಿ ಚೀಲಕ್ಕೆ ಹಾಕಿದಳು. ಪುಟ್ಟಿ ಪರ್ಸು ತೆಗೆದರೆ ಚಾಕುವಿನ ಹಿಡಿಯಿಂದ ಅವಳ ಕೈ ತಳ್ಳಿದಳು. ಚೀಲ ಎತ್ತಲು ಹೋದವಳನ್ನು ತಡೆದು ನಾನೇ ಎತ್ತಿಕೊಂಡೆ. ಭಾರ ಎತ್ತುವಂತಿಲ್ಲ, ಇನ್ನು ನಾಲ್ಕು ವಾರ.